ಕಲ್ಲಿನ ಬಾಕಿ

ಮಳೆ ನಿಂತ ಮಾರನೆಯ ಬೆಳಗ್ಗೆಯೇ ಹೋಗಬೇಕು.
ಒಣಗಿದ್ದರೆ ಕಚ್ಚಿ ಕೂರುತ್ತದೆ ಕಲ್ಲುಹೂ.
ನೆನೆದಿದ್ದರೆ, ನಿದ್ದೆ ಹತ್ತಿದ ಮಗುವಿನ ಬೆರಳ ಹಾಗೆ
ಹಿಡಿತ ಸಡಿಲಿಸುತ್ತದೆ.
ಹ್ಯಾರಿಸ್ ದ್ವೀಪದ ನಮ್ಮ ಮಾತಿನಲ್ಲಿ ಅದು ಕ್ರೊಟಲ್.
ಮರವಿಲ್ಲದ ನೆಲ; ಇಲ್ಲಿ ಬಂಡೆಯೇ ತೊಗಟೆ ಹೊದೆಯಬೇಕು.

ಅಮ್ಮ ಎಫ್ರಿಕ್‌ಳ ಚಮಚ
ಎಡಬದಿ ಸವೆದು, ಅಮಾವಾಸ್ಯೆಗೆ ಎರಡು ದಿನ ಉಳಿದ ಚಂದ್ರ.
ಗಂಜಿ ನಿಲ್ಲದು ಅದರಲ್ಲಿ.
"ಪೂರ್ತಿ ಬೋಳಿಸಬೇಡ," ಎನ್ನುತ್ತಿದ್ದಳು,
"ಕಲ್ಲಿಗೂ ಚಳಿಯಾಗುತ್ತೆ."

ಮೂರು ಕಾಲಿನ ಕಬ್ಬಿಣದ ಹಂಡೆ.
ಒಂದು ಪದರ ಉಣ್ಣೆ, ಒಂದು ಪದರ ಕಲ್ಲುಹೂ,
ಮತ್ತೆ ಉಣ್ಣೆ, ಮತ್ತೆ ಹೂ,
ಮೇಲೆ ಹಳ್ಳದ ನೀರು,
ಕೆಳಗೆ ಜೌಗುಮಣ್ಣಿನ ಹೆಂಟೆಯ ಬೆಂಕಿ. ಸಂಜೆಯವರೆಗೂ ಕುದಿತ.
ಬೂದುಬಣ್ಣದ ಆ ಸಿಪ್ಪೆಯೊಳಗೆ
ಇಷ್ಟು ಕೆಂಪು ಯಾರು ಬಚ್ಚಿಟ್ಟರೋ!
ನೆತ್ತರಿನದಲ್ಲ, ಇಟ್ಟಿಗೆಯದಲ್ಲ;
ಹಳೆ ದೋಣಿಯ ಮೊಳೆ ತುಕ್ಕು ಹಿಡಿದು
ಹಲಗೆಗೆ ಇಳಿದ ಕೆಂಪು.
ಅದರ ವಾಸನೆ ಹತ್ತು ವರ್ಷ ಬಿಡದು, ಹುಳ ಬೀಳದು.
ಚರ್ಚಿನಲ್ಲಿ ಕಣ್ಣು ಮುಚ್ಚಿಯೂ ಹೇಳುತ್ತಿದ್ದೆ
ಯಾರ ಕೋಟು ಯಾರ ಹಂಡೆಯದೆಂದು.

ಕಡಲಿಗೆ ಹೋಗುವವರಿಗೆ ಮಾತ್ರ ಈ ಬಣ್ಣ ಕೂಡದು.
ಕಲ್ಲಿನಿಂದ ಬಂದದ್ದು ಕಲ್ಲಿಗೇ ಮರಳುತ್ತದಂತೆ,
ತೊಟ್ಟವರನ್ನೂ ಕರೆದುಕೊಂಡು.
ಅಪ್ಪನ ಕಾಲುಚೀಲ ಅದಕ್ಕೇ ಬೆಳ್ಳಗೆ,
ಕುರಿಯ ಮೈಮೇಲೆ ಇದ್ದ ಹಾಗೆಯೇ.
ಅದನ್ನೇ ತೊಟ್ಟು ಹೋದ,
ಹೆರಿಂಗ್ ಮೀನಿನ ಸುಗ್ಗಿಯ ಒಂದು ಮಂಗಳವಾರ.
ಬರಲಿಲ್ಲ.

ಎರಡು ಚಳಿಗಾಲ ಕಳೆದು
ಅಣ್ಣ ಟಾರ್ಕಿಲ್ ಅದೇ ಕಡಲಿಗೆ ಹೊರಟ.
ಅಮ್ಮ ಮತ್ತೆ ಬಿಳಿ ನೂಲನ್ನೇ ತೆಗೆದಳು.
"ಅಪ್ಪನನ್ನು ಉಳಿಸಿತೇ ಅದು?" ಕೇಳಿಯೇಬಿಟ್ಟೆ.
ಸೂಜಿ ನಿಲ್ಲಲಿಲ್ಲ.
"ನನ್ನ ಬಣ್ಣದಿಂದ ಅಲ್ಲ ಅಂತಾದರೂ ಗೊತ್ತಲ್ಲ,"
ಎಂದಳು, ಹಿಮ್ಮಡಿಯ ತಿರುವಿನ ಹೆಣಿಗೆ ಎಣಿಸುತ್ತ.
ಎಣಿಕೆ ತಪ್ಪಿತು. ಬಿಚ್ಚಿ ಮೊದಲಿನಿಂದ ಹೆಣೆದಳು.

ಟಾರ್ಕಿಲ್ ಮೂರೇ ವರ್ಷಕ್ಕೆ ದೋಣಿ ಬಿಟ್ಟ.
ಗ್ಲಾಸ್ಗೋದಲ್ಲಿ ಬಸ್ಸು ಓಡಿಸಿ ಮುದುಕನಾದ.
ಈಗಲೂ ಬಿಳಿ ಕಾಲುಚೀಲವೇ ಬೇಕು ಅವನಿಗೆ,
ಸ್ಟೀರಿಂಗಿನ ಹಿಂದೆ ಕೂತವನಿಗೆ ಕಡಲೆಲ್ಲಿ
ಎಂದರೆ ನಗುತ್ತಾನೆ, ಬದಲಿಸುವುದಿಲ್ಲ.

ನಾನು ಹುಟ್ಟಿದ ವರ್ಷ ಅಮ್ಮ ಕೆರೆದ ಜಾಗ
ಈಗಷ್ಟೇ ಅಂಗೈಯಗಲ ತುಂಬಿದೆ.
ಹೋದ ವಾರ, ಮಳೆ ನಿಂತ ಮಾರನೆಯ ಬೆಳಗ್ಗೆ,
ಸಮಾಧಿಕಲ್ಲಿನಲ್ಲಿ ಅವಳ ಹೆಸರಿನ
ಕೊನೆಯ ಅಕ್ಷರದ ಕೊರಕಲಿನಲ್ಲಿ
ಉಗುರಿನಷ್ಟು ಬೂದು.
ನೆನೆದಿತ್ತು. ಮುಟ್ಟಿದರೆ ಬಿಡುವಷ್ಟು.
ಚಮಚ ಜೇಬಿನಲ್ಲಿತ್ತು.
ಅಲ್ಲೇ ಇರಲೆಂದು
ಕೆಳಗಿನ ಬಂಡೆಗಳ ಕಡೆ ಇಳಿದೆ.