ಬಳಕಿ

ಬ್ರಹ್ಮಪುರದ ಓಣ್ಯಾಗ ಜಗದೇವಕ್ಕನ ಹೊಲಿಗಿ ಅಂಗಡಿ.
ಮಷೀನ್ ಹಿಂದಿನ ಗ್ವಾಡಿ ತುಂಬ ಪೆನ್ಸಿಲ್ ನಂಬರು.
ಹೆಸರು ಒಂದೂ ಇಲ್ಲ, ಬರೇ ಗುರುತು:
"ಎಡಗಡಿ ಭುಜ ಇಳಿಜಾರು" ಅಂದ್ರ
ತಹಶೀಲ ಕಚೇರಿ ಗುಮಾಸ್ತನ ಹೆಂಡತಿ ಶಶಿಕಲಾಬಾಯಿ.
"ಗುಂಡಿ ಬ್ಯಾಡ, ಹುಕ್ಕು", ದವಾಖಾನಿ ಸಿಸ್ಟರ್ ಮಾರ್ಥಾ.
"ನೆಕ್ಕು ಮೂರು ಸಲ ಬಿಚ್ಚಿಸಿದಾಕಿ",
ಕರೆಂಟಿನ ಲೈನ್‌ಮನ್ ತಂಗಿ.

ಬಳಕಿ ಮಂದಿ ಅಂತಿದ್ಳು ಅಕ್ಕ ಇವರಿಗೆಲ್ಲ.
ಚಿತ್ತಾಪುರದಿಂದ ಕೆಲಸ ಕಲೀಲಿಕ್ಕ ಬಂದಾಕಿ ನಾನು,
ಬಳಕಿ ಅಂದ್ರ ಬಳಸೋದು
ಅಂತ ತಿಳಕೊಂಡಿದ್ದೆ.

ಒಂದಿನ ಮಧ್ಯಾಹ್ನ, ಕರೆಂಟ್ ಇಲ್ಲ,
ತಗಡಿನ ಮ್ಯಾಲಿನ ಕಾಗಿ ಸೈತ ಬಾಯಿ ತಗದು ಕೂತದ,
ರೇಷ್ಮಾ ಅಳ್ಕೋತ ಬಂದ್ಳು.
ನಾಳಿಗಿ ಹಾಸ್ಟೆಲ್ ಅರ್ಜಿ ಕಡೀ ದಿನ,
ಆದಾಯದ ಪತ್ರ ಇನ್ನೂ ಬಂದಿಲ್ಲ.
ಅಕ್ಕ ಎಡಗಡಿ ಭುಜಕ್ಕ ಫೋನ್ ಹಚ್ಚಿದ್ಳು.
"ಯಾಕ್ರೀ, ಆ ಹಸರು ಜಂಪರ್
ಬಗಲಾಗ ಬಿಗಿ ಅಂದಿದ್ರಿ, ಈಗ ಹ್ಯಾಂಗದಾ?"
ಜಂಪರ್ ಆತು, ಮಗಳ ಹೆರಿಗಿ ಆತು,
ಮಾವನ ಸಕ್ಕರಿ ರೋಗ, ಉಪ್ಪಿನಕಾಯಿಗಿ ಈ ಸಲ ಎಣ್ಣಿ ಸಾಲಲಿಲ್ಲ.
ರೇಷ್ಮಾ ಉಗುರು ಕಡಿದು ಕಡಿದು ಮುಗಿಸಿದ್ಳು.
ಇಡೂ ಮುಂಚೆ, ನೆನಪಾದವರಂಗ,
"ಮನಿಯವರು ಊಟಕ್ಕ ಬಂದ್ರ ಒಂದು ಮಾತು ಕೇಳ್ರಲ..."

ಮರುದಿನ ಹತ್ತೂವರಿಗಿ ಪತ್ರ ಕೈಯಾಗ ಇತ್ತು.
ಎಂಟು ದಿನದಿಂದ ಸಹಿ ಆಗಿ
ಟೇಬಲ್ ಮ್ಯಾಲೇ ಬಿದ್ದಿತ್ತಂತ, ಯಾರೂ ಕೇಳಿರಲಿಲ್ಲ.

ಅವತ್ತೇ ಅಕ್ಕ ನನ್ನ ಹೊಲಿಗಿ ಉಲ್ಟಾ ಮಾಡಿ ನೋಡಿ ಬೈದ್ಳು:
"ಒಳಗ ಎರಡು ಬೆರಳು ಅರಿವಿ ಬಿಡವ್ವಾ.
ಮೈ ಇವತ್ತಿನಂಗ ನಾಳಿ ಇರಂಗಿಲ್ಲ.
ಎಲ್ಲಾ ಕತ್ತರಿಸಿ ಒಗದ್ರ
ಆಮ್ಯಾಲ ಬಿಚ್ಚಲಿಕ್ಕ ಏನಿರ್ತದ?"

ಗ್ವಾಡಿ ಮ್ಯಾಲಿಂದು ಒಂದು ನಂಬರ್ ನಾನೂ ಬರಕೊಂಡೆ.
"ತೋಳು ಉದ್ದ". ಸೇಡಂ ರೋಡಿನ ಬ್ಯಾಂಕಿನ ಇಂದುಮತಿ ಮೇಡಂ.
ಅಕ್ಕನ ಹೆಸರು ಹೇಳಿ ಮಷೀನಿಗಿ ಸಾಲ ಕೇಳಿದೆ.
ಎರಡೇ ನಿಮಿಷ ಮಾತು. ತೋಳಿನ ಸುದ್ದಿ ಇಲ್ಲ.
ಕೊಟ್ರು.
ಯಾದಗಿರಿ ಸ್ಟೇಷನ್ ಕಡಿ ಅಂಗಡಿ ಇಟ್ಟೆ,
ಕಂತು ಒಂದೂ ತಪ್ಪಿಸಲಿಲ್ಲ,
ಫೋನೂ ಒಂದೂ ಮಾಡಲಿಲ್ಲ.
ಅವರ ಯಜಮಾನರು ಹೋಗಿ ನಾಕು ತಿಂಗಳಿಗಿ
ಯಾರೋ ಫಾಲ್ ಹಚ್ಚಸಲಿಕ್ಕ ಬಂದಾಕಿ ಹೇಳಿದ್ಳು.
ಹೇಳಿ, "ಜಿಗ್‌ಜಾಗ್ ಬ್ಯಾಡ, ಕೈಲೇ ಹಾಕು" ಅಂದ್ಳು.

ಹ್ವಾದ ದೀಪಾವಳಿಗಿ ಅಕ್ಕನ ಅಂಗಡಿಗಿ
ಮಾಲಕನ ಮಗ ಡಿಸ್ಟೆಂಪರ್ ಬಳಿಸಿದ.
ತಿಳಿ ಗುಲಾಬಿ. ನಂಬರೆಲ್ಲಾ ಒಳಗ ಹೋದವು.
ಸುದ್ದಿ ಕೇಳಿ ರೈಲು ಹತ್ತಿ ಓಡಿ ಬಂದೆ.
ನನ್ನ ಫೋನಿನಾಗ ಆರುನೂರ ಹನ್ನೆರಡು ಹೆಸರವ,
ಬೇಕಾದ್ದು ಬರ್ಕೋ ಅಕ್ಕಾ ಅಂದೆ.
ಅಕ್ಕ ಸೂಜಿಗಿ ಎಳಿ ಹಾಕ್ಕೋತ ಕೇಳಿದ್ಳು:
"ಅದರಾಗ ಯಾರ್ದು ಭುಜ ಇಳಿಜಾರದಾ?"

ಒಬ್ಬೊಬ್ಬರೇ ಬಂದ್ರು, ಜಂಪರ್ ಹಿಡಕೊಂಡು,
ಗುಲಾಬಿ ಗ್ವಾಡಿ ಮ್ಯಾಲ ತಾವೇ ಬರದ್ರು.
ಎಲ್ಲರೂ ಬರಲಿಲ್ಲ.
ಸಿಸ್ಟರ್ ಮಾರ್ಥಾಗ ಬೀದರಕ್ಕ ವರ್ಗ ಆಗಿತ್ತು,
ಆಕಿ ನಂಬರ್ ನನ್ನ ಆರುನೂರರಾಗೂ ಇರಲಿಲ್ಲ.
ಕಿಡಕಿ ಬಾಜೂಕ ಅಷ್ಟು ಜಾಗಾ
ಅಕ್ಕ ಯಾರಿಗೂ ಕೊಟ್ಟಿಲ್ಲ.

ಇವತ್ತು ಸಂಜಿ ಅಂಗಡಿ ಬಾಗಲ ಅರ್ಧ ಇಳಿಸಿ
ಇಂದುಮತಿ ಮೇಡಂಗ ಫೋನ್ ಹಚ್ಚಿದೆ.
ಗುರುತು ಹಿಡೀಲಿಕ್ಕ ವ್ಯಾಳ್ಯಾ ಆತು.
"ಹಾಂ, ಹೇಳಮ್ಮಾ. ಏನ್ ಕೆಲಸ ಇತ್ತು?"
ಕೆಲಸ ಏನಿಲ್ರಿ ಮೇಡಂ.
ಅಲ್ಲಿ ಫ್ಯಾನ್ ತಿರುಗೂ ಸಪ್ಪಳ.
ಕೆಲಸ ಬರ್ತದ, ಈಗ ಬರ್ತದ ಅಂತ
ಕಾಯ್ಕೋತ ಕೂತಾರ ಅವರು.
ನನಗರೇ ಮುಂದಿನ ಮಾತು ಬರವಲ್ದು.
ಇನ್ನೂ ಇಟ್ಟಿಲ್ಲ ಇಬ್ಬರೂ.