ಮುನ್ನೂರ ಒಂದು

ಊರ ಹೆಸರಲ್ಲಿ ಇ ಹೋಗಿ ಎ ಬಂತು,
ವೈ ಎದ್ದ ಜಾಗದಲ್ಲಿ ಐ ಕೂತಿತು.
ಕನ್ನಡಕ್ಕೆ ಗೊತ್ತೇ ಆಗಲಿಲ್ಲ,
ಅದಕ್ಕೆ ಎಂದಿನಿಂದಲೂ ಬಳ್ಳಾರಿಯೇ.

ಜಿಲಾನಿ ಸಾಬರ ಜೀನ್ಸಿನ ಮೇಲೆ ಮಾತ್ರ
ಹಳೆಯ ಸ್ಪೆಲ್ಲಿಂಗಿನ ವೆಬ್ ವಿಳಾಸ,
ಸೊಂಟದ ಪಟ್ಟಿಗೆ ಹೊಲಿದ ತೊಗಲ ಚೂರಿನಲ್ಲಿ.
ನಾಂದೇಡದಲ್ಲೋ ಅಕೋಲಾದಲ್ಲೋ
ಯಾರೋ ತೊಟ್ಟು ತಿರುಗುವ ಪ್ಯಾಂಟು,
ಬಿಚ್ಚಿ ತಿದ್ದಲಾದೀತೇ?

ಕೌಲ್ ಬಜಾರಿನ ಮಹಡಿ. ಓವರ್‌ಲಾಕ್ ನಿಂತ ಮೇಲೆ
ಸರ್ವರಿನ ಕಡತ ತೆರೆದೆ.
ಮೊದಲ ಸಲ ತಪ್ಪಿತು:
ಹಳೆಯದು ಹೊಸದರ ಕಡೆ, ಹೊಸದು ಹಳೆಯದರ ಕಡೆ
ನೀ ನಡಿ, ನೀ ನಡಿ ಎಂದು ತಳ್ಳಿ ತಳ್ಳಿ
ಬ್ರೌಸರು ಕೈಚೆಲ್ಲಿತು.

‘ಸದ್ಯಕ್ಕ ಅಂತ ಹಾಕವ್ವ ಶಾಹೀನ,
ಮತ್ತ ಹೆಸರು ಬದಲಾದ್ರ?’
ಸದ್ಯಕ್ಕೆ ಅಂದರೆ ಮುನ್ನೂರ ಎರಡು;
ಹುಡುಕುವವರು ಹಳೇ ಬಾಗಿಲನ್ನೇ ನೆನಪಿಡುತ್ತಾರೆ.
ನಾನು ಒಂದು ಬರೆದೆ. ಕಾಯಂ.

ಹಳೆಯದನ್ನು ಒತ್ತಿದರು, ಒಂದೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ.
ಕಣ್ಣ ಮುಂದೆಯೇ ಅದು ಹೊಸದಾಯಿತು.

ಹಳೇ ಹೆಸರಿಗೂ ವರ್ಷಾ ವರ್ಷಾ ದುಡ್ಡು ಕಟ್ಟಬೇಕು ಚಾಚಾ.
‘ಖಾಲಿ ಮಳಿಗಿಗೆ ಬಾಡಿಗಿ?’
ಅಲ್ಲ, ದಾರಿ ತೋರಿಸುವವನ ಕೂಲಿ.

ಅವರು ಮಾತಾಡಲಿಲ್ಲ.
ಕತ್ತರಿಸುವ ಮೇಜಿನ ಮೇಲೆ
ಸೀಮೆಸುಣ್ಣದಿಂದ ಆ ಮೊತ್ತ ಬರೆದು
ಕೆಳಗೊಂದು ಗೆರೆ ಎಳೆದರು.