ನೀರಿದ್ದರೆ

ಮುಯ್ನಾಕಿನ ಶಾಲೆಯಲ್ಲಿ ಏಳನೇ ತರಗತಿಗೆ
ಮೂರು ಕಿಟಕಿ. ಒಂದಕ್ಕೆ ಗಾಜಿಲ್ಲ, ಹಲಗೆ ಹೊಡೆದಿದೆ.
ಉಳಿದೆರಡರಲ್ಲಿ ಮರಳು; ಮರಳಿನ ಮೇಲೆ
ಹೊಟ್ಟೆ ತಾಗಿಸಿ ಕೂತ ಹಡಗುಗಳು.

ಬೇರೆ ಉದಾಹರಣೆ ಹುಡುಕಲು ನನಗೂ ಸೋಮಾರಿತನ.
ಬೋರ್ಡಿನ ಮೇಲೆ ಬರೆದೆ:
ನೀರಿದ್ದರೆ ಹಡಗಿರುತ್ತದೆ.
ಹಡಗಿದೆ.
ಆದ್ದರಿಂದ —

"ನೀರಿದೆ!" ಎಂದ ಒರಾಜ್, ಪೆನ್ಸಿಲ್ ಕಚ್ಚುತ್ತಲೇ.
ಹೇಳಿದ ಮೇಲೆ ಹೊರಗೆ ನೋಡಿದ.
ಇಡೀ ತರಗತಿ ಬೆಂಚು ಬಡಿದು ನಕ್ಕಿತು.
ಹೊರಗೆ ಹಡಗಿನ ನೆರಳಲ್ಲಿ ಒಂದು ಒಂಟೆ
ಮೆಲುಕು ಹಾಕುತ್ತ ಮಲಗಿತ್ತು,
ಬಲೆ ಬೀಸಿ ಕಾಯುವ ಬೆಸ್ತನಂತೆ.

ನಗಬೇಡಿ, ಅಂದೆ. ನಿಮ್ಮ ಅಜ್ಜಂದಿರ ಕಾಲದಲ್ಲಿ
ಇವನ ಉತ್ತರ ನಿಜವೇ ಆಗುತ್ತಿತ್ತು.
ತರ್ಕ ಆಗಲೂ ತಪ್ಪೇ.
ಅರಾಲ್ ಸಮುದ್ರ ಬಾಗಿಲವರೆಗೆ ಬಂದು
ತಪ್ಪನ್ನು ಮುಚ್ಚಿಟ್ಟಿತ್ತು, ಅಷ್ಟೆ.

"ಹಾಗಾದರೆ ತಿರುಗಿಸೋಣ," ಪೆರಿಜಾತ್ ಎದ್ದಳು.
"ನೀರಿಲ್ಲ. ಆದ್ದರಿಂದ ಹಡಗಿಲ್ಲ."
ಒಂಟೆಗೆ ನೆರಳು ಕೊಡುತ್ತಿರುವುದೇನು, ಕೇಳಿದೆ.
ಕೂತಳು.

ಹಿಂದಿನ ಬೆಂಚಿನ ತಿಲೆವ್, ಗುಜರಿಯವನ ಮಗ,
ತಿಂಗಳಿಗೆ ಎರಡು ಮಾತಾಡುವವನು, ನಿಧಾನ ಹೇಳಿದ:
"ಅಪ್ಪ ಈ ವರ್ಷ ಎರಡು ಕತ್ತರಿಸಿ ಲಾರಿಗೆ ಹಾಕಿದ.
ಎಲ್ಲ ಮುಗಿದ ದಿನ ಹೇಳಬಹುದು:
ಹಡಗಿಲ್ಲ. ಆದ್ದರಿಂದ ನೀರಿಲ್ಲ.
ಆಗ ತಪ್ಪಿರೋದಿಲ್ಲ ಅಲ್ವಾ, ಟೀಚರ್?"

ಇಲ್ಲ, ಮಗು. ಆಗ ಕೂದಲೆಳೆಯಷ್ಟೂ ತಪ್ಪಿರುವುದಿಲ್ಲ.
ಹತ್ತಕ್ಕೆ ಹತ್ತು ಕೊಟ್ಟೆ.
ಕೊಟ್ಟ ಕೈಯಲ್ಲಿ ಸೀಮೆಸುಣ್ಣದ ಪುಡಿ, ಉಪ್ಪಿನ ಹಾಗೆ.

ಅರುಖಾನಳ ನೋಟ್‌ಬುಕ್ಕಿನಲ್ಲಿ ಮನೆಗೆಲಸ ಹೀಗಿತ್ತು:
ನೀರು ಬರುವುದಾದರೆ ಅಜ್ಜ ದೋಣಿಗೆ ಬಣ್ಣ ಹಚ್ಚುತ್ತಾನೆ.
ಸೋಮವಾರದಿಂದ ಅಜ್ಜ ಬಣ್ಣ ಹಚ್ಚುತ್ತಿದ್ದಾನೆ. ನೀಲಿ.
ಆದ್ದರಿಂದ ನೀರು ಬರುತ್ತದೆ.
ಕೆಳಗೆ ತಾನೇ, ಕೆಂಪು ಶಾಯಿಯಲ್ಲಿ: ತಪ್ಪು.
ಅದರ ಕೆಳಗೆ, ಇನ್ನೂ ಚಿಕ್ಕದಾಗಿ:
ಬಣ್ಣ ಮಿಕ್ಕಿತ್ತು ಅಂತ ಹಚ್ಚಿರಬಹುದು.
ಬೇಜಾರಿಗೆ ಹಚ್ಚಿರಬಹುದು.
ಅಜ್ಜಿ ಬೈದು ಹೊರಗೆ ಕಳಿಸಿರಬಹುದು.

ಸರಿ ಗುರುತು ಹಾಕಿ ಪಕ್ಕದಲ್ಲಿ ಒಂದಿಷ್ಟು ಸೇರಿಸಿದೆ
(ಪಠ್ಯದಲ್ಲಿ ಅದು ಅಡಿಟಿಪ್ಪಣಿ, ಪರೀಕ್ಷೆಗೆ ಬರುವುದಿಲ್ಲ):
ದಾರಿ ತಪ್ಪಿದ ಮಾತ್ರಕ್ಕೆ
ಊರೇ ಇಲ್ಲವೆಂದಾಗದು.
ಈ ವಾದದಿಂದ ನೀರು ಬಾರದು, ನಿಜ.
ಬಾರದೆಂದೂ ಈ ವಾದ ಹೇಳದು.

ಎಷ್ಟು ಸಣ್ಣದು ಈ 'ರೆ'!
ಬಂದರೆ, ಇದ್ದರೆ, ನದಿಯನ್ನು ಹತ್ತಿಗದ್ದೆಗೆ ತಿರುಗಿಸದಿದ್ದರೆ…
ಒಂದೇ ಕಡೆಗೆ ತೆರೆಯುವ ಬಾಗಿಲು.
ನಾವೋ ಹಿಂದಿನಿಂದ ತಳ್ಳಿ ತಳ್ಳಿ
ಭುಜ ನೋಯಿಸಿಕೊಂಡವರು.
'ಆದರೆ' ಎಂಬುದನ್ನೇ ನೋಡಿ:
ಮಾತಿನ ಹಿಂದೆ ನಿಂತರೆ ಆಸೆ,
ಮುಂದೆ ಬಂದು ನಿಂತರೆ ಅಡ್ಡಿ.

ಗಂಟೆ ಹೊಡೆದರೆ ಮಕ್ಕಳು ಓಡುತ್ತಾರೆ.
ಮಕ್ಕಳು ಓಡಿದರು.
ಗಡಿಯಾರ ನೋಡಿದೆ: ಇನ್ನೂ ಹನ್ನೊಂದು ನಿಮಿಷ.
ಅಲ್ಲಿ, ಮರಳಿನಲ್ಲಿ, ಯಾರೋ
ಕಬ್ಬಿಣದ ಮೇಲೆ ಸುತ್ತಿಗೆ ಬಡಿಯುತ್ತಿದ್ದರು.
ತಿಲೆವ್‌ನ ಅಪ್ಪನೋ, ಅರುಖಾನಳ ಅಜ್ಜನೋ,
ಒಡೆಯಲೋ, ಜೋಡಿಸಲೋ,
ಸದ್ದಿನಿಂದ ಹೇಳಲಾಗುವುದಿಲ್ಲ.